ಮೊಲವೋ, ಬೆಕ್ಕೋ, ಜೋಲುಕಿವಿಯ ನಾಯಿಮರಿಯೋ: ಹಳೇ ನಮೂನಿಯ ಜಿಗಿತದ ಆಟಗಳಲ್ಲಿ ನಿಮ್ಮ ಮನೆಗೆ ಯಾವುದು?

ಟಿವಿಗೆ ಸಿಕ್ಕಿಸುವ ಪೆಟ್ಟಿಗೆ, ಅದರ ಮೇಲೆ ‘9999 ಆಟ’ ಎಂದು ಬರೆದ ಕ್ಯಾಸೆಟ್. ವಿಡಿಯೋ ಗೇಮ್ ಅಂದರೆ ಇಷ್ಟೇ ಎಂದು ತಿಳಿದು ಬೆಳೆದವರು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಬೇಕಾದಷ್ಟಿದ್ದಾರೆ. ಈಗ ಅವರ ಮನೆಯಲ್ಲಿ ಲ್ಯಾಪ್‌ಟಾಪ್ ಇದೆ, ಆಡುವ ವಯಸ್ಸಿನ ಮಕ್ಕಳಿದ್ದಾರೆ. ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: “ಎಡದಿಂದ ಬಲಕ್ಕೆ ಓಡಿ ಜಿಗಿಯೋ ಆ ನಮೂನಿ ಆಟ ಈಗ ಯಾವುದು ಛಲೋ ಐತ್ರಿ? ಮಗಳಿಗೂ ಸೇರಬೇಕು.” ಮಗಳಿಗೆ ಸೇರಬೇಕು ಅಂದಾಗ ಹುಡುಕಾಟ ತಾನಾಗಿ ನಾಯಕಿಯ ಕಡೆ ಹೊರಳುತ್ತದೆ. ಅದರಲ್ಲೂ ಮೊಲ, ಬೆಕ್ಕು, ನಾಯಿಮರಿಗಳ ಕಡೆ.

ಒಳ್ಳೆಯ ಸುದ್ದಿ ಏನೆಂದರೆ ಇಂಥ ಆಟಗಳು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಸಾಲುಸಾಲಾಗಿ ಬಂದಿವೆ. ತೊಂದರೆ ಏನೆಂದರೆ ಅಂಗಡಿಯ ಪುಟದಲ್ಲಿ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬಣ್ಣ ಮುದ್ದಾಗಿದೆ, ಪಾತ್ರ ಮುದ್ದಾಗಿದೆ ಎಂದು ಕೊಂಡು, ಮೂರನೇ ದಿನಕ್ಕೆ ಮುಚ್ಚಿಟ್ಟವರು ಬಹಳ. ಆದ್ದರಿಂದ ಆಟಗಳ ಹೆಸರಿಗೆ ಹೋಗುವ ಮುಂಚೆ ಯಾವುದನ್ನು ನೋಡಿ ಅಳೆಯಬೇಕು ಎಂಬುದನ್ನು ಗಟ್ಟಿ ಮಾಡಿಕೊಳ್ಳೋಣ.

ಮೊದಲು ನೋಡಬೇಕಾದದ್ದು: ಬಿದ್ದಾಗ ಏನು ಕಳೆಯುತ್ತದೆ

ಜಿಗಿತದ ಆಟದಲ್ಲಿ ಬೀಳುವುದು ತಪ್ಪಿದ್ದಲ್ಲ. ಒಂದು ಆಟ ಮುಗಿಸುವಷ್ಟರಲ್ಲಿ ನೂರಾರು ಸಲ ಬೀಳುತ್ತೀರಿ. ಬಿದ್ದರೆ ಹತ್ತು ಸೆಕೆಂಡಿನ ಆಟ ಮಾತ್ರ ಹೋಗುವಂತಿದ್ದರೆ ಕೈ ತಾನೇ ಮತ್ತೊಮ್ಮೆ ಒತ್ತುತ್ತದೆ. ಮೂರು ನಾಲ್ಕು ನಿಮಿಷದ ಶ್ರಮ ಹೋಗುವಂತಿದ್ದರೆ ಎಂಟು ವರ್ಷದ ಮಗು ಎದ್ದು ಹೋಗುತ್ತದೆ. ಅದಕ್ಕೇ ಚೆಕ್‌ಪಾಯಿಂಟುಗಳ, ಅಂದರೆ ಬಿದ್ದಾಗ ಮತ್ತೆ ಆಟ ಶುರುವಾಗುವ ಜಾಗಗಳ, ನಡುವಿನ ದೂರವನ್ನು ಉಳಿದೆಲ್ಲಕ್ಕಿಂತ ಮೊದಲು ನೋಡಿ. ಚಿತ್ರ, ಸಂಗೀತ, ಕಥೆ ಎಲ್ಲ ಆಮೇಲೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು: ಒಂದು ಲೆವೆಲ್‌ಗೆ ಎಷ್ಟು ಹೊತ್ತು ಬೇಕು? ಇಲ್ಲಿನ ಬಹುತೇಕ ಆಟಗಳು ಲೆವೆಲ್ ಮುಗಿದ ಮೇಲೆ, ಇಲ್ಲವೇ ನಿಗದಿತ ಜಾಗ ಮುಟ್ಟಿದಾಗ ಮಾತ್ರ ಸೇವ್ ಆಗುತ್ತವೆ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ಊರಿನಲ್ಲಿ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಮೇಲೆ ಆಡುವವರಿಗೆ ಹದಿನೈದು ನಿಮಿಷದ ಲೆವೆಲ್ ದೊಡ್ಡ ಭಾರ.

ಮೂರನೆಯದು, ನಾಯಕಿ ಪ್ರಾಣಿ ಎಂಬುದು ಆಟದೊಳಗೆ ಇಳಿದಿದೆಯೇ ಅಥವಾ ಬರೀ ವೇಷವೇ. ಕಿವಿ, ಬಾಲ, ಪಂಜಗಳಿಗೆ ಆಟದಲ್ಲಿ ಕೆಲಸ ಇರಬೇಕು. ಇದ್ದರೆ ಪಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಮೊಲದ ಜಾಗದಲ್ಲಿ ಮನುಷ್ಯರನ್ನಿಟ್ಟರೂ ಆಟ ಅದೇ. ಕೊನೆಗೆ ನಿಮ್ಮಲ್ಲಿರುವ ಮಷಿನ್, ಜೇಬು, ಮತ್ತು ಇಂಗ್ಲಿಷ್ ಎಷ್ಟು ಓದಬೇಕು ಎಂಬುದು. ಮುಂದೆ ಬರುವ ಯಾವ ಆಟದಲ್ಲೂ ಕನ್ನಡ ಇಲ್ಲ.

ಕಾಝೆ ಆ್ಯಂಡ್ ದ ವೈಲ್ಡ್ ಮಾಸ್ಕ್ಸ್: ಮೊಲ

ಬ್ರೆಜಿಲ್‌ನ ಪಿಕ್ಸೆಲ್‌ಹೈವ್ ತಂಡ ಮಾಡಿದ ಆಟ, 2021ರ ಮಾರ್ಚ್‌ನಲ್ಲಿ ಬಂತು. ಪಿಸಿ, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ನಿಂಟೆಂಡೊ ಸ್ವಿಚ್‌ಗಳಲ್ಲಿ ಸಿಗುತ್ತದೆ. ಕ್ಯಾಸೆಟ್ ಕಾಲದ ರುಚಿ ಬೇಕು ಅನ್ನುವವರಿಗೆ ಇದಕ್ಕಿಂತ ಹತ್ತಿರದ್ದು ಈ ಸಾಲಿನಲ್ಲಿ ಇಲ್ಲ. 1995ರ ‘ಡಾಂಕಿ ಕಾಂಗ್ ಕಂಟ್ರಿ 2’ರಲ್ಲಿ ಡಿಕ್ಸಿ ಎಂಬ ಕೋತಿ ಹುಡುಗಿ ತನ್ನ ಜುಟ್ಟು ತಿರುಗಿಸುತ್ತ ಗಾಳಿಯಲ್ಲಿ ತೇಲುತ್ತಿದ್ದಳು, ಕಾಝೆ ಅದನ್ನು ಕಿವಿಯಿಂದ ಮಾಡುತ್ತಾಳೆ. ಕಿವಿ ಬೀಸಿ ಹೊಡೆಯುತ್ತಾಳೆ, ಕಿವಿ ತಿರುಗಿಸಿ ನಿಧಾನ ಇಳಿಯುತ್ತಾಳೆ, ಮೇಲಿಂದ ನೆಲಕ್ಕೆ ಅಪ್ಪಳಿಸುತ್ತಾಳೆ. ಎದುರಾಳಿಗಳು ಶಾಪ ತಟ್ಟಿ ಜೀವ ಬಂದ ತರಕಾರಿಗಳು.

ಹೊಸಬರು ಎಡವುವುದು ಆ ತೇಲುವಿಕೆಯಲ್ಲೇ. ಜಿಗಿತದ ಬಟನ್ ಹಿಡಿದೇ ಇರುವ ಅಭ್ಯಾಸ ಇದ್ದವರಿಗೆ ಕಿವಿ ಬೇಡದಾಗಲೂ ತಿರುಗುತ್ತದೆ, ಇಳಿಯುವ ವೇಗ ತಗ್ಗುತ್ತದೆ, ಅಷ್ಟರಲ್ಲಿ ಕಾಲಿಡಬೇಕಾದ ಹಲಗೆ ಸರಿದು ಹೋಗಿರುತ್ತದೆ. ಮೊದಲ ದ್ವೀಪದಲ್ಲೇ ಒತ್ತಿ ಬಿಡುವುದನ್ನು ರೂಢಿ ಮಾಡಿಕೊಳ್ಳಿ. ಅಂತರ ಉದ್ದ ಕಂಡಾಗ ಮಾತ್ರ ಹಿಡಿಯಿರಿ.

ಕೆಲವು ಲೆವೆಲ್‌ಗಳಲ್ಲಿ ಕಾಝೆ ಮುಖವಾಡ ತೊಟ್ಟು ಬೇರೆಯೇ ಆಗುತ್ತಾಳೆ. ಹುಲಿಯಾದರೆ ಗೋಡೆ ಹಿಡಿದು ಗಾಳಿಯಲ್ಲಿ ಮುನ್ನುಗ್ಗುತ್ತಾಳೆ, ಹದ್ದಾದರೆ ಹಾರುತ್ತ ಗುಂಡು ಹೊಡೆಯುತ್ತಾಳೆ, ಶಾರ್ಕ್ ಆದರೆ ನೀರಿನೊಳಗೆ ಈಜು. ಹಲ್ಲಿ ಮುಖವಾಡದ್ದು ಎಲ್ಲಕ್ಕಿಂತ ಕಠಿಣ, ಏಕೆಂದರೆ ಅಲ್ಲಿ ಓಟ ನಿಲ್ಲುವುದೇ ಇಲ್ಲ, ನೀವು ಜಿಗಿಯುವುದಷ್ಟೇ. ಆ ಲೆವೆಲ್‌ಗಳಲ್ಲಿ ಕಣ್ಣು ಪಾತ್ರದ ಮೇಲಿರಬಾರದು, ಪರದೆಯ ಬಲ ಅಂಚಿನ ಮೇಲಿರಬೇಕು. ಪಾತ್ರವನ್ನೇ ನೋಡುತ್ತ ಕುಳಿತರೆ ಮುಂದಿನ ಮುಳ್ಳು ಕಾಣುವ ಹೊತ್ತಿಗೆ ಬಟನ್ ಒತ್ತಲು ಸಮಯವೇ ಇರುವುದಿಲ್ಲ.

ಲೆವೆಲ್‌ಗಳು ಚಿಕ್ಕವು, ಕೆಲವೇ ನಿಮಿಷದವು. ಎಲ್ಲ ಸೇರಿ ಮೂವತ್ತಕ್ಕೂ ಹೆಚ್ಚು. ಆದರೆ ಮೂಲ ಕಠಿಣತೆಯಲ್ಲಿ ಆಡಿದರೆ ಬಿದ್ದಾಗ ಕಳೆಯುವುದೂ ಕಡಿಮೆಯಲ್ಲ, ಚೆಕ್‌ಪಾಯಿಂಟ್‌ಗಳು ವಿರಳ. ಮಕ್ಕಳಿಗಾದರೆ ನಾಚಿಕೆ ಇಲ್ಲದೆ ಕ್ಯಾಶುಯಲ್ ಮೋಡ್ ಆರಿಸಿ. ಅದು ಎಷ್ಟೋ ಕ್ಷಮಿಸುತ್ತದೆ, ಆಟದ ಯಾವ ಭಾಗವನ್ನೂ ಕಿತ್ತುಕೊಳ್ಳುವುದಿಲ್ಲ. ಕಥೆಯನ್ನು ಚಿತ್ರಗಳಲ್ಲೇ ಹೇಳುವುದರಿಂದ ಇಂಗ್ಲಿಷ್ ಬಾರದ ಮಗುವೂ, ಪಕ್ಕ ಕುಳಿತ ಅಜ್ಜಿಯೂ ಏನಾಗುತ್ತಿದೆ ಎಂದು ತಿಳಿಯುತ್ತಾರೆ. ಈ ಒಂದು ಗುಣಕ್ಕಾಗಿಯೇ ಮನೆಮಂದಿಯ ಆಟವಾಗಿ ನಾನು ಇದನ್ನು ಮುಂದಿಡುತ್ತೇನೆ.

ಅಡ್ಡಿ ಬೆಲೆ. ಬಿಡುಗಡೆಯಾದಾಗ 30 ಡಾಲರ್ ಇತ್ತು, ಇಲ್ಲಿ ಬೆಲೆ ಹೇಳಿರುವ ಆಟಗಳಲ್ಲಿ ಹೆಚ್ಚಿನದು. ಒಮ್ಮೆ ಮುಗಿಸಲು ಐದಾರು ಗಂಟೆ ಸಾಕು. ಪ್ರತಿ ಲೆವೆಲ್‌ನ ಬೋನಸ್ ಕೋಣೆಗಳು, ಹರಳುಗಳನ್ನೆಲ್ಲ ಹುಡುಕುವ ಛಲ ಇದ್ದರೆ ಅದರ ಎರಡರಷ್ಟು. ಪೂರ್ತಿ ಬೆಲೆ ಕೊಡಬೇಡಿ, ಸೇಲ್‌ಗೆ ಕಾಯಿರಿ.

ಫ್ರೀಡಂ ಪ್ಲಾನೆಟ್: ಮೂವರು ಗೆಳತಿಯರು

ಗ್ಯಾಲಕ್ಸಿಟ್ರೇಲ್ ಅವರ ಈ ಆಟ ಶುರುವಾದದ್ದು ಸೋನಿಕ್ ಎಂಬ ಹಳೆಯ ವೇಗದ ಓಟದ ಆಟದ ಅಭಿಮಾನಿಗಳ ಆಟವಾಗಿ. 2014ರಲ್ಲಿ ಪಿಸಿಗೆ ಬರುವಷ್ಟರಲ್ಲಿ ತನ್ನದೇ ಲೋಕ ಕಟ್ಟಿಕೊಂಡಿತ್ತು. ನೇರಳೆ ಬಣ್ಣದ ಡ್ರ್ಯಾಗನ್ ಹುಡುಗಿ ಲೈಲ್ಯಾಕ್, ಕಾಡುಬೆಕ್ಕು ಕ್ಯಾರಲ್, ಬ್ಯಾಸೆಟ್ ನಾಯಿಮರಿ ಮಿಲ್ಲಾ. ಮೂವರಲ್ಲಿ ಯಾರನ್ನು ಹಿಡಿದರೆ ಆಟ ಅವರಿಗೆ ತಕ್ಕಂತೆ ಬದಲಾಗುತ್ತದೆ. ಇದು ಬರೀ ಮಾತಲ್ಲ, ಪ್ರಾಣಿಯ ಮೈಯನ್ನು ಆಟಕ್ಕೆ ಇಳಿಸುವ ಕೆಲಸ ಇಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಗಿದೆ.

ಲೈಲ್ಯಾಕ್‌ಳ ಬಲ ಡ್ರ್ಯಾಗನ್ ಬೂಸ್ಟ್. ದಿಕ್ಕು ಹಿಡಿದು ಬಟನ್ ಒತ್ತಿದರೆ ಬಾಣದಂತೆ ಆ ಕಡೆ ನುಗ್ಗುತ್ತಾಳೆ, ಓರೆಯಾಗಿ ಕೂಡ. ಪ್ರತಿ ಬೂಸ್ಟ್‌ಗೂ ಶಕ್ತಿಯ ಪಟ್ಟಿ ಖಾಲಿಯಾಗುತ್ತದೆ, ತುಂಬಲು ತುಸು ಹೊತ್ತು ಬೇಕು. ಬಾಸ್, ಅಂದರೆ ದೊಡ್ಡ ಎದುರಾಳಿಯ ಎದುರು ಸೋಲುವವರು ಮಾಡುವ ತಪ್ಪು ಇಲ್ಲೇ: ದಾಳಿಗೆಂದು ಪಟ್ಟಿ ಬರಿದು ಮಾಡಿ, ತಪ್ಪಿಸಿಕೊಳ್ಳಬೇಕಾದ ಗಳಿಗೆಯಲ್ಲಿ ಕೈಕಟ್ಟಿ ನಿಲ್ಲುತ್ತಾರೆ. ಹೊಡೆಯುವುದಕ್ಕೆ ಸಾದಾ ಏಟು, ತಪ್ಪಿಸಿಕೊಳ್ಳಲು ಬೂಸ್ಟ್ ಎಂದು ಇಟ್ಟುಕೊಂಡರೆ ಅರ್ಧ ಬಾಸ್‌ಗಳು ಸುಲಭ. ಕ್ಯಾರಲ್ ಗೋಡೆಯಿಂದ ಗೋಡೆಗೆ ಜಿಗಿಯುತ್ತಾಳೆ, ಪೆಟ್ರೋಲ್ ಕ್ಯಾನ್ ಸಿಕ್ಕರೆ ಬೈಕ್ ಏರುತ್ತಾಳೆ. ಇನ್ನು ಮಿಲ್ಲಾ. ಮುಧೋಳ ನಾಯಿಯನ್ನು ನೋಡಿ ಬೆಳೆದ ಬಾಗಲಕೋಟೆಯ ಕಣ್ಣಿಗೆ ಅವಳು ತೀರ ಉಲ್ಟಾ: ಆ ಬಾಣದಂಥ ಮೈ, ಉದ್ದ ಕಾಲು ಇಲ್ಲ, ಕುಳ್ಳು ಮೈ, ಜೋಲುಕಿವಿ. ಆ ಕಿವಿಯನ್ನೇ ಬಡಿದು ಮೇಲೇರುತ್ತಾಳೆ, ಹಸಿರು ಘನಗಳನ್ನು ಹುಟ್ಟಿಸಿ ಎಸೆಯುತ್ತಾಳೆ. ಜೀವ ಕಡಿಮೆ, ಆದ್ದರಿಂದ ಮೊದಲ ಸಲಕ್ಕೆ ಅವಳು ಬೇಡ.

ಬಿದ್ದಾಗ, ತಾಗಿದಾಗ ಏನು? ಇಲ್ಲಿ ಒಂದು ವಿಶೇಷ ಉಂಟು: ಶತ್ರುವಿನ ಮೈ ತಾಗಿದ ಮಾತ್ರಕ್ಕೆ ಜೀವ ಹೋಗುವುದಿಲ್ಲ, ಅವರು ಹೊಡೆದರೆ ಮಾತ್ರ. ಜೋರಾಗಿ ಓಡುವ ಆಟಕ್ಕೆ ಇದು ದೊಡ್ಡ ದಯೆ. ಹಳೆಯ ಸೋನಿಕ್ ಆಟಗಳಲ್ಲಿ ವೇಗ ಹಿಡಿದ ಮರುಕ್ಷಣ ಕಾಣದ ಶತ್ರುವಿಗೆ ಗುದ್ದಿ ಎಲ್ಲ ಕಳೆದುಕೊಳ್ಳುತ್ತಿದ್ದಿರಲ್ಲ, ಅದು ಇಲ್ಲಿಲ್ಲ. ಆದರೆ ಲೆವೆಲ್‌ಗಳು ಉದ್ದ. ಮೊದಲ ಸಲ ಆಡುವವರಿಗೆ ಒಂದಕ್ಕೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ, ನಡುವೆ ಮುಚ್ಚಿದರೆ ಮತ್ತೆ ಮೊದಲಿಂದ. ಕರೆಂಟ್ ನಂಬುವಂತಿಲ್ಲದವರು ಇದನ್ನು ಲ್ಯಾಪ್‌ಟಾಪ್ ಮೇಲೇ ಆಡಬೇಕು.

ತಂದೆ ತಾಯಂದಿರಿಗೆ ಒಂದು ಮಾತು. ಮೇಲ್ನೋಟಕ್ಕೆ ಮಕ್ಕಳ ಕಾರ್ಟೂನ್‌ನಂತಿದ್ದರೂ ಕಥೆಯಲ್ಲಿ ರಾಜನ ಹತ್ಯೆ ಇದೆ, ಲೈಲ್ಯಾಕ್‌ಳಿಗೆ ವಿದ್ಯುತ್ ಕೊಟ್ಟು ಹಿಂಸಿಸುವ ದೃಶ್ಯ ಇದೆ. ಶುರುವಿನಲ್ಲೇ ಅಡ್ವೆಂಚರ್, ಕ್ಲಾಸಿಕ್ ಎಂದು ಎರಡು ಬಗೆ ಕೇಳುತ್ತದೆ. ಕ್ಲಾಸಿಕ್ ಆರಿಸಿದರೆ ಕಥೆಯ ದೃಶ್ಯಗಳು ಬರುವುದಿಲ್ಲ, ನೇರ ಆಟ. ಚಿಕ್ಕವರಿಗೆ, ಇಂಗ್ಲಿಷ್ ಸಂಭಾಷಣೆ ಬೇಡ ಅನ್ನುವವರಿಗೆ ಅದೇ ಸರಿ.

‘ಫ್ರೀಡಂ ಪ್ಲಾನೆಟ್ 2’ 2022ರಲ್ಲಿ ಪಿಸಿಗೆ, 2024ರಲ್ಲಿ ಕನ್ಸೋಲ್‌ಗಳಿಗೆ ಬಂತು. ಹಿಮದ ಕೋಲು ಹಿಡಿದ ಪಾಂಡಾ ನೀರಾ ನಾಲ್ಕನೆಯವಳಾಗಿ ಸೇರಿದ್ದಾಳೆ. ಏಟು ತಡೆಯಲು ಪ್ರತ್ಯೇಕ ಬಟನ್ ಬಂದಿದೆ. ಬ್ರೇವ್ ಸ್ಟೋನ್ ಎಂಬ ಕಲ್ಲುಗಳನ್ನು ಧರಿಸಿ ಆಟವನ್ನು ಹಗುರವೋ ಕಠಿಣವೋ ಮಾಡಿಕೊಳ್ಳಬಹುದು. ಚಿತ್ರ, ಚಲನೆ ಎಲ್ಲ ಮೊದಲನೆಯದಕ್ಕಿಂತ ಮೇಲು. ಆದರೆ ಮೊದಲನೆಯದು 15 ಡಾಲರ್, ಇದು 25. ಹಳೆಯ ಡ್ಯುಯಲ್ ಕೋರ್ ಲ್ಯಾಪ್‌ಟಾಪ್ ಇದ್ದವರು ಮೊದಲನೆಯದನ್ನೇ ತೆಗೆದುಕೊಳ್ಳಿ, ಅದು ತೀರ ಹಗುರ. ಮಷಿನ್ ಹೊಸದಿದ್ದು ಒಂದನ್ನೇ ಕೊಳ್ಳುವುದಾದರೆ ಎರಡನೆಯದು.

ಗಾಟೊ ರೊಬೊಟೊ: ಬೆಕ್ಕು

ಡೂಯಿಂಕ್‌ಸಾಫ್ಟ್ ಮಾಡಿ 2019ರಲ್ಲಿ ಡೆವಾಲ್ವರ್ ಡಿಜಿಟಲ್ ಹೊರತಂದ ಕಪ್ಪು ಬಿಳುಪು ಆಟ. ಕಿಕಿ ಎಂಬ ಬೆಕ್ಕು ಬಾಹ್ಯಾಕಾಶ ನೌಕೆಯ ಕಂಟ್ರೋಲ್ ಬೋರ್ಡ್ ಮೇಲೆ ಕಾಲಿಟ್ಟು ನೌಕೆ ನೆಲಕ್ಕೆ ಅಪ್ಪಳಿಸುತ್ತದೆ. ಯಜಮಾನ ಒಳಗೆ ಸಿಕ್ಕಿಕೊಂಡಾಗ ಬೆಕ್ಕೇ ಯಂತ್ರಕವಚ ಹತ್ತಿ ಹೊರಡಬೇಕು. ಇದು ಎಡದಿಂದ ಬಲಕ್ಕೆ ಓಡುವ ಆಟವಲ್ಲ, ಒಂದೇ ದೊಡ್ಡ ನಕ್ಷೆಯಲ್ಲಿ ದಾರಿ ಹುಡುಕುವಂಥದ್ದು.

ಇಲ್ಲಿನ ಸೊಗಸು ಕವಚದ ಒಳಗೆ ಮತ್ತು ಹೊರಗೆ ಎಂಬ ವ್ಯತ್ಯಾಸ. ಕವಚದೊಳಗಿದ್ದರೆ ಗುಂಡು, ರಾಕೆಟ್, ಒಂದಷ್ಟು ಏಟು ತಾಳುವ ಶಕ್ತಿ. ಆದರೆ ಅದು ಈಜಲಾರದು, ಕಿರುದಾರಿಯಲ್ಲಿ ನುಸುಳಲಾರದು. ಹೊರಗೆ ಬಂದ ಕಿಕಿ ಗೋಡೆ ಏರುತ್ತಾಳೆ, ಈಜುತ್ತಾಳೆ, ಸಂದಿಯಲ್ಲಿ ತೂರುತ್ತಾಳೆ. ಆದರೆ ಒಂದೇ ಏಟಿಗೆ ಮುಗಿಯಿತು. ದಾರಿ ಸಿಗದೆ ನಿಂತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇಲ್ಲಿ ಕವಚ ಬಿಟ್ಟು ಇಳಿಯಬೇಕೇ?’ ಎಂಬುದು. ಹತ್ತರಲ್ಲಿ ಏಳು ಸಲ ಉತ್ತರ ಹೌದು.

ಸತ್ತರೆ ಹಿಂದಿನ ಸೇವ್ ಜಾಗಕ್ಕೆ ಹೋಗುತ್ತೀರಿ. ನಕ್ಷೆ ಚಿಕ್ಕದಾದ್ದರಿಂದ ಹೆಚ್ಚು ನಷ್ಟ ಇಲ್ಲ. ನಾಲ್ಕು ಗಂಟೆಯ ಒಳಗೇ ಮುಗಿಸಬಹುದು. ಮೂಲ ಬೆಲೆ 8 ಡಾಲರ್. ಎಂಥ ಹಳೆಯ ಮಷಿನ್ ಆದರೂ ಓಡುತ್ತದೆ. ಬಣ್ಣ ಇಲ್ಲ ಎಂದು ಚಿಕ್ಕ ಮಕ್ಕಳು ಮೂಗು ಮುರಿಯಬಹುದು. ದಾರಿ ಹುಡುಕುವ ಇಷ್ಟ ಇರುವ ಹೈಸ್ಕೂಲ್ ಹುಡುಗರಿಗೆ, ಕಾಲೇಜಿನವರಿಗೆ ಇದು ಸರಿಯಾದ ಆಟ.

ಕಡಿಮೆ ದುಡ್ಡಿನ ಎರಡು: ಲುನಿಸ್ಟಿಸ್, ಸ್ಯೂಡೊರೆಗೇಲಿಯಾ

ಇವೆರಡೂ ಮೂರು ಆಯಾಮದ ಆಟಗಳು, ಹಳೆಯ ಪ್ಲೇಸ್ಟೇಷನ್ ಕಾಲದ ಒರಟು ಚಿತ್ರವನ್ನು ಬೇಕೆಂದೇ ಇಟ್ಟುಕೊಂಡಿವೆ. ಲುನಿಸ್ಟಿಸ್ 2022ರದು, 5 ಡಾಲರ್. ಹಾನಾ ಎಂಬ ತನುಕಿ, ಅಂದರೆ ಜಪಾನಿನ ಒಂದು ಬಗೆಯ ಕಾಡುನಾಯಿ, ಕನಸಿನಲ್ಲಿ ತೇಲುವ ಹಲಗೆಗಳ ಮೇಲೆ ಓಡುತ್ತಾಳೆ. ಬಿದ್ದರೆ ಕಣ್ಣುಮಿಟುಕಿಸುವಷ್ಟರಲ್ಲಿ ಹತ್ತಿರದ ಚೆಕ್‌ಪಾಯಿಂಟ್‌ನಲ್ಲಿ ಮತ್ತೆ ನಿಂತಿರುತ್ತಾಳೆ. ಹೋಗುವುದು ಕೊನೆಗೆ ಸಿಗುವ ದರ್ಜೆ ಮಾತ್ರ. ಮೇಲೆ ಹೇಳಿದ ಮೊದಲ ಅಳತೆಯಲ್ಲಿ ಇದಕ್ಕೆ ಪೂರ್ಣ ಅಂಕ. ಎರಡು ಮೂರು ಗಂಟೆಯಲ್ಲಿ ಒಂದು ಸುತ್ತು ಮುಗಿಯುತ್ತದೆ, ದರ್ಜೆ ಏರಿಸಲು ಮತ್ತೆ ಮತ್ತೆ ಆಡುತ್ತೀರಿ. ಕ್ಯಾಮೆರಾ ನೀವೇ ತಿರುಗಿಸಬೇಕು, ಎರಡು ಕಡ್ಡಿಗಳಿರುವ ಗೇಮ್‌ಪ್ಯಾಡ್ ಇಲ್ಲದೆ ಕೈ ಹಾಕಬೇಡಿ. ದೂರ ಅಂದಾಜು ಸಿಗದಿದ್ದಾಗ ಹಾನಾಳ ಕೆಳಗಿನ ನೆರಳನ್ನು ನೋಡಿ ಇಳಿಯಿರಿ.

ಸ್ಯೂಡೊರೆಗೇಲಿಯಾ 2023ರದು, 6 ಡಾಲರ್. ಆಡು, ಮೊಲ ಎರಡೂ ಬೆರೆತಂತಿರುವ ಸಿಬಿಲ್ ಒಂದು ಕೋಟೆಯೊಳಗೆ ಅಲೆಯುತ್ತಾಳೆ. ಗೋಡೆ ಒದ್ದು ಮೇಲೇರುವುದು, ಜಾರಿ ಉದ್ದ ಜಿಗಿಯುವುದು, ಅವನ್ನೆಲ್ಲ ಹೆಣೆಯುವುದು, ಇಷ್ಟೇ ಆಟ; ಆದರೆ ಆ ಹೆಣಿಗೆ ಕೈಗೆ ಹತ್ತಿದಾಗ ಸಿಗುವ ಸುಖ ಇಲ್ಲಿನ ಯಾವ ಆಟದಲ್ಲೂ ಇಲ್ಲ. ಬಿದ್ದರೆ ಜೀವಕ್ಕಿಂತ ಹೆಚ್ಚಾಗಿ ಏರಿದ ಎತ್ತರ ಹೋಗುತ್ತದೆ. ದಾರಿ ತೋರಿಸುವವರಿಲ್ಲ. ಚಿಕ್ಕ ಮಕ್ಕಳಿಗೆ ಕೊಡಬೇಡಿ. ಇಂಥ ಆಟ ಹತ್ತಾರು ಆಡಿದವರು ಬಿಡಬೇಡಿ.

ಸೋನಿಕ್‌ನ ಹಳೆಯ ಆಟಗಳೇ ಬೇಕು, ನಾಯಕಿಯೂ ಬೇಕು ಅನ್ನುವವರಿಗೆ ‘ಸೋನಿಕ್ ಒರಿಜಿನ್ಸ್ ಪ್ಲಸ್’ (2023) ಇದೆ, ಅದರಲ್ಲಿ ಏಮಿ ಎಂಬ ನಾಯಕಿಯನ್ನು ಆಡಿಸಬಹುದು. ಬರೀ ‘ಒರಿಜಿನ್ಸ್’ ಕೊಂಡರೆ ಏಮಿ ಬರುವುದಿಲ್ಲ, ಹೆಸರಿನಲ್ಲಿ ‘ಪ್ಲಸ್’ ಇದೆಯೇ ನೋಡಿ.

ಹಾಗಾದರೆ ಯಾವುದು?

ಆರರಿಂದ ಹತ್ತು ವರ್ಷದ ಮಗು ಇದ್ದು, ಪಕ್ಕದಲ್ಲಿ ನೀವೂ ಕುಳಿತು ಆಡುವುದಾದರೆ ಕಾಝೆ, ಕ್ಯಾಶುಯಲ್ ಮೋಡ್‌ನಲ್ಲಿ. ಸೇಲ್‌ವರೆಗೆ ಕಾಯಲಾಗದು, ದುಡ್ಡೂ ಹೆಚ್ಚಿಲ್ಲ ಎಂದರೆ ಅದೇ ಮಗುವಿಗೆ ಲುನಿಸ್ಟಿಸ್. ಪ್ಯಾಡ್‌ಗೆ ಪ್ರತ್ಯೇಕ ಖರ್ಚು ಬರುತ್ತದೆ ಎಂಬುದು ಲೆಕ್ಕದಲ್ಲಿರಲಿ. ಬಾಗಲಕೋಟೆಯ ವಿದ್ಯಾಗಿರಿಯಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಹಾಸ್ಟೆಲ್‌ನಲ್ಲಿದ್ದು, ಸೀನಿಯರ್‌ನಿಂದ ಬಂದ ಹಳೆಯ ಲ್ಯಾಪ್‌ಟಾಪ್, ದಿನಕ್ಕೆ ಎರಡು ಜಿಬಿ ಮೊಬೈಲ್ ಡೇಟಾ ಇದ್ದರೆ ಗಾಟೊ ರೊಬೊಟೊ, ಮುಂದಿನ ತಿಂಗಳು ಫ್ರೀಡಂ ಪ್ಲಾನೆಟ್ 1. ಒಂದೇ ಆಟದಲ್ಲಿ ಬಹಳ ದಿನ ಕಳೆಯಬೇಕು ಎಂದರೆ ಫ್ರೀಡಂ ಪ್ಲಾನೆಟ್ 2ಕ್ಕೆ ಸಾಟಿಯಿಲ್ಲ, ನಾಲ್ವರು ನಾಯಕಿಯರೆಂದರೆ ನಾಲ್ಕು ಸಲ ಬೇರೆ ಬೇರೆ ಆಟ. ಸ್ವಿಚ್ ಮೇಲೆ ಆಡುವ ಆಸೆ ಇದ್ದವರು ಅಂಗಡಿಯಲ್ಲಿರುವುದು ಆಮದು ಮಾಲು ಎಂಬುದನ್ನು ನೆನಪಿಟ್ಟು, ವಾರಂಟಿ ಯಾರು ಕೊಡುತ್ತಾರೆ ಎಂದು ಮೊದಲು ಕೇಳಿ.

ಆಟ ಸರಿ ಇದ್ದೂ ಕೈ ಕೊಡುವ ಜಾಗಗಳು

ಬೆಳಗಾವಿಯ ಖಡೇಬಜಾರಿನಲ್ಲೋ ವಿಜಯಪುರದ ಗಾಂಧಿಚೌಕದ ಸುತ್ತಲೋ ಸಿಗುವ ಅಗ್ಗದ ಯುಎಸ್‌ಬಿ ಪ್ಯಾಡ್‌ಗಳಲ್ಲಿ ಬಹಳಷ್ಟು ಹಳೆಯ ಡೈರೆಕ್ಟ್‌ಇನ್‌ಪುಟ್ ಬಗೆಯವು. ಹೊಸ ಆಟಗಳು ಕೇಳುವುದು ಎಕ್ಸ್‌ಇನ್‌ಪುಟ್. ಎರಡೂ ಪ್ಯಾಡ್ ಕಂಪ್ಯೂಟರಿಗೆ ಬಟನ್ ಒತ್ತಿದ್ದನ್ನು ತಿಳಿಸುವ ಬಗೆಗಳು. ಸಿಕ್ಕಿಸಿದರೂ ಆಟ ಪ್ಯಾಡನ್ನು ಗುರುತಿಸದಿದ್ದರೆ ಪ್ಯಾಡ್ ಕೆಟ್ಟಿದೆ ಎಂದು ವಾಪಸ್ ಓಡಬೇಡಿ. ಕೆಲವು ಪ್ಯಾಡ್‌ಗಳಲ್ಲಿ ಮೋಡ್ ಅಥವಾ ಹೋಮ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿದರೆ ಬಗೆ ಬದಲಾಗುತ್ತದೆ. ಆಗದಿದ್ದರೆ, ಆಟ ಕೊಂಡದ್ದು ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಾದರೆ, ಸ್ಟೀಮ್ ಸೆಟ್ಟಿಂಗ್ಸ್‌ನ ಕಂಟ್ರೋಲರ್ ವಿಭಾಗದಲ್ಲಿ ಸಾಮಾನ್ಯ ಪ್ಯಾಡ್‌ಗಳಿಗೆ ಸ್ಟೀಮ್ ಇನ್‌ಪುಟ್ ಚಾಲೂ ಮಾಡಿ. ಕೊಳ್ಳುವಾಗ ಬಾಣದ ಗುಂಡಿಯನ್ನು ಒತ್ತಿ ನೋಡಿ: ನೇರ ಕೆಳಗೆ ಒತ್ತಿದಾಗ ಓರೆಗೆ ಜಾರುವ ಪ್ಯಾಡ್ ಬೇಡ, ಕಾಝೆಯ ಅಪ್ಪಳಿಸುವ ಏಟು ಅದರಲ್ಲಿ ತಪ್ಪುತ್ತಲೇ ಇರುತ್ತದೆ.

ಕೀಬೋರ್ಡ್ ಮೇಲೆ ಆಡುವವರಿಗೆ ಬೇರೆಯದೇ ಕಾಟ. ಅಗ್ಗದ ಕೀಬೋರ್ಡ್‌ಗಳು ಕೆಲವು ಮೂರು ಕೀಗಳನ್ನು ಒಟ್ಟಿಗೆ ಓದಲಾರವು. ಮೇಲಿನ ಬಾಣ, ಬಲ ಬಾಣ ಹಿಡಿದು ಮೂರನೆಯ ಕೀ ಒತ್ತಿದಾಗ ಏನೂ ಆಗದಿದ್ದರೆ ಲೈಲ್ಯಾಕ್ ಓರೆಯಾಗಿ ನುಗ್ಗುವುದೇ ಇಲ್ಲ. ಬೂಸ್ಟ್, ಜಿಗಿತಗಳನ್ನು ಬೇರೆ ಕೀಗಳಿಗೆ ಬದಲಿಸಿ ನೋಡಿ. ಸಾಮಾನ್ಯವಾಗಿ ಅಲ್ಲಿಗೆ ಸರಿಹೋಗುತ್ತದೆ.

ಟಿವಿಗೆ ಎಚ್‌ಡಿಎಂಐ ಹಾಕಿ ಆಡುವಾಗ ಬಟನ್ ಒತ್ತಿ ಗಳಿಗೆ ಕಳೆದು ಜಿಗಿದಂತೆ ಅನಿಸಿದರೆ ಟಿವಿಯ ಗೇಮ್ ಮೋಡ್ ಚಾಲೂ ಮಾಡಿ. ಚಿತ್ರ ನಯ ಮಾಡುವ ಕೆಲಸದಲ್ಲಿ ಟಿವಿ ಹೊತ್ತು ಕಳೆಯುತ್ತಿರುತ್ತದೆ. ಬ್ಲೂಟೂತ್ ಹೆಡ್‌ಫೋನ್‌ನಲ್ಲೂ ಸದ್ದು ತಡವಾಗಿ ಬರುತ್ತದೆ, ತಂತಿಯದು ಹಾಕಿ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದ ಕೂಡಲೇ ವಿಂಡೋಸ್ ವೇಗ ತಗ್ಗಿಸಬಹುದು. ಆಟ ಎಳೆದಾಡಿದರೆ ಪವರ್ ಮೋಡ್ ನೋಡಿ. ವಿಜಯಪುರದ ಏಪ್ರಿಲ್ ಮೇ ಬಿಸಿಲಿನಲ್ಲಿ, ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ, ಸ್ಯೂಡೊರೆಗೇಲಿಯಾದಂಥ ಆಟಕ್ಕೆ ಲ್ಯಾಪ್‌ಟಾಪ್ ಕಾದು ತಾನೇ ನಿಧಾನವಾಗುತ್ತದೆ. ರೆಸಲ್ಯೂಷನ್ ಒಂದು ಮೆಟ್ಟಿಲು ಇಳಿಸಿ, ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) 60ಕ್ಕೆ ಕಟ್ಟಿ, ಹಾಸಿಗೆಯ ಮೇಲಿಡದೆ ಗಟ್ಟಿ ಮೇಜಿನ ಮೇಲಿಡಿ. ಗಾಟೊ ರೊಬೊಟೊಗೆ ಈ ಚಿಂತೆ ಇಲ್ಲ.

ಮೇಲೆ ಹೇಳಿದ ಡಾಲರ್ ಲೆಕ್ಕ ಬಿಡುಗಡೆಯ ಬೆಲೆ. ಸ್ಟೀಮ್‌ನಲ್ಲಿ ನಮಗೆ ರೂಪಾಯಿಯಲ್ಲೇ ಬೇರೆ ಬೆಲೆ ಕಾಣುತ್ತದೆ, ಯುಪಿಐ ನಡೆಯುತ್ತದೆ. ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನು ಮೆನು ನೋಡುತ್ತ ಕಳೆಯಬೇಡಿ. ಮೊದಲ ಹದಿನೈದು ನಿಮಿಷದಲ್ಲಿ ಪ್ಯಾಡ್, ಫ್ರೇಮ್, ಸದ್ದು ಪರೀಕ್ಷಿಸಿ. ಮುಂದಿನ ಒಂದು ಗಂಟೆ ಆಡಬೇಕಾದವರ ಕೈಗೇ ಕೊಟ್ಟು, ಬಿದ್ದಾಗ ಅವರು ತಾವಾಗಿ ಮತ್ತೆ ಶುರು ಮಾಡುತ್ತಾರೋ ಇಲ್ಲವೋ ನೋಡಿ. ಮಾಡದಿದ್ದರೆ ಅಂದೇ ವಾಪಸ್ ಹಾಕಿ, ಆ ದುಡ್ಡಿನಲ್ಲಿ ಇನ್ನೊಂದನ್ನು ತರಿಸಿ.